ನೋಟರಿ ಸೀಲು ನಿಮ್ಮ ಎಂಟು ಲಕ್ಷ ಕಾಯುವುದಿಲ್ಲ

ಮೇ, ಜೂನ್ ಬಂತು ಅಂದರೆ ತುಮಕೂರಿನಲ್ಲಿ ಮನೆ ಹುಡುಕುವವರ ಓಡಾಟ ಶುರು. ಮಕ್ಕಳ ಸ್ಕೂಲಿಗಾಗಿ ಹಳ್ಳಿಯಿಂದ ಬರುವವರು, ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಸೇರಿದವರು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು. ಎಸ್.ಎಸ್. ಪುರಂ, ಅಶೋಕನಗರ ಕೈಗೆ ಎಟುಕದಿದ್ದರೆ ಶೆಟ್ಟಿಹಳ್ಳಿ, ಮರಳೂರು, ಕ್ಯಾತ್ಸಂದ್ರದ ಕಡೆ ನೋಡುತ್ತಾರೆ. ವರ್ಷ ವರ್ಷ ಗಂಟುಮೂಟೆ ಕಟ್ಟುವ ರಗಳೆ ಯಾರಿಗೂ ಬೇಡ. ಅದಕ್ಕೆ ಭೋಗ್ಯದ ಮನೆ ಕೇಳುತ್ತಾರೆ. ಐದೋ ಎಂಟೋ ಲಕ್ಷ ಒಟ್ಟಿಗೆ ಕೊಡುವುದು, ಬಾಡಿಗೆ ಇಲ್ಲದೆ ಮೂರು ವರ್ಷ ಇರುವುದು, ಬಿಡುವಾಗ ಪೂರ್ತಿ ದುಡ್ಡು ವಾಪಸ್.

ನಾನು ಇಲ್ಲಿ ಸಿವಿಲ್ ಕೇಸು ನಡೆಸುವ ವಕೀಲ. ಭೋಗ್ಯವೇ ಬೇಡ ಅನ್ನುವವನಲ್ಲ. ಚೆನ್ನಾಗಿ ನಡೆದ ಭೋಗ್ಯಗಳು ನನ್ನ ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ, ಹಾಗಾಗಿ ನನ್ನ ಮಾತು ಸ್ವಲ್ಪ ಕಹಿಯಾಗಿಯೇ ಇರುತ್ತದೆ. ಆದರೆ ಕೆಟ್ಟು ಬಂದವರಲ್ಲಿ ಮುಕ್ಕಾಲು ಪಾಲು ಜನ ಒಂದೇ ಮಾತು ಹೇಳುತ್ತಾರೆ. "ಸಾರ್, ಬಾಂಡ್ ಪೇಪರಲ್ಲಿ ಬರೆಸಿದ್ದೀವಿ. ನೋಟರಿನೂ ಆಗಿದೆ. ಇನ್ನೇನು ಭಯ ಅಲ್ವಾ?"

ಭಯ ಇದೆ. ನೋಟರಿ ಮಾಡುವುದು ಇಷ್ಟೇ: ಈ ಕಾಗದಕ್ಕೆ ಸಹಿ ಹಾಕಿದವರು ಇಂಥವರೇ ಅಂತ ದೃಢೀಕರಿಸುವುದು. ಮನೆ ಅವರದ್ದೋ ಅಲ್ಲವೋ, ಅದರ ಮೇಲೆ ಸಾಲ ಇದೆಯೋ ಇಲ್ಲವೋ ಅಂತ ನೋಡುವುದಿಲ್ಲ. ಅದು ಅವರ ಕೆಲಸವೂ ಅಲ್ಲ. ನೋಟರಿ ಆದ ಕಾಗದ ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆಗೆ ಸೇರುವುದಿಲ್ಲ. ಅಲ್ಲಿ ಸೇರದೆ ಇಸಿಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಬರುವುದಿಲ್ಲ. ನಾಳೆ ಓನರ್ ಮನೆ ಮಾರಲು ಹೊರಟು, ಕೊಳ್ಳುವವರು ಇಸಿ ತೆಗೆಸಿದರೆ ಅದರಲ್ಲಿ ನಿಮ್ಮ ಎಂಟು ಲಕ್ಷದ ಸುಳಿವೇ ಇರುವುದಿಲ್ಲ.

ಇಷ್ಟು ಹೇಳಿದ ಮೇಲೂ "ಹಾಗಾದ್ರೆ ಐನೂರರ ಬಾಂಡ್ ತಗೊಂಡಿದ್ರೆ ನಡೀತಿತ್ತಾ?" ಅಂತ ಕೇಳುವವರಿದ್ದಾರೆ. ನಡೆಯುತ್ತಿರಲಿಲ್ಲ. ಸಾವಿರದ್ದಾದರೂ ನಡೆಯುತ್ತಿರಲಿಲ್ಲ. ಬೇಕಾಗಿರುವುದು ನೋಂದಣಿ. ಮನೆಯನ್ನು ಸ್ವಾಧೀನಕ್ಕೆ ಕೊಟ್ಟು ಸಾಲ ಪಡೆದರೆ ಅದು ಅಡಮಾನ. ನೂರು ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲದ ಇಂಥ ಅಡಮಾನ ನೋಂದಣಿ ಆಗಲೇಬೇಕು, ಇಬ್ಬರು ಸಾಕ್ಷಿಗಳೂ ಬೇಕು. ಇದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮಾತು. ಆ ಕಾಲಕ್ಕೆ ನೂರು ರೂಪಾಯಿ ದೊಡ್ಡ ದುಡ್ಡು. ಮಿತಿ ಇವತ್ತಿಗೂ ಅದೇ. "ನಮ್ಮದು ಅಡಮಾನ ಅಲ್ಲ ಸಾರ್, ಲೀಸು" ಅನ್ನುತ್ತೀರಾ? ಸರಿ. ಒಂದು ವರ್ಷ ಮೀರಿದ ಲೀಸು ಕೂಡ ನೋಂದಣಿ ಆಗಬೇಕು. ನಿಮ್ಮ ಕಾಗದವನ್ನು ಕೋರ್ಟು ಯಾವುದು ಅಂತ ಓದುತ್ತದೆ ಅನ್ನುವುದು ಅದರ ಒಕ್ಕಣೆ ನೋಡದೆ ಹೇಳಲಾಗದು. ಆದರೆ ಮೂರು ವರ್ಷಕ್ಕೆ ಬರೆದಿದ್ದರೆ ಎರಡು ದಾರಿಯೂ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗುತ್ತವೆ.

ನೋಂದಣಿ ಆಗದ ಕಾಗದ ಪೂರ್ತಿ ವ್ಯರ್ಥ ಅಂತಲ್ಲ. ದುಡ್ಡು ಕೊಟ್ಟಿದ್ದನ್ನು ತೋರಿಸಲು ಅದು ನೆರವಾಗಬಹುದು. ಆದರೆ ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ್ದರೆ ಸಾಕ್ಷ್ಯಕ್ಕೆ ಹಾಜರುಪಡಿಸುವಾಗ ಬಾಕಿ ಶುಲ್ಕದ ಜೊತೆ ಹತ್ತು ಪಟ್ಟು ದಂಡ ಕೇಳುತ್ತಾರೆ. ಮೊದಲೇ ದುಡ್ಡು ಕಳೆದುಕೊಂಡವರಿಗೆ ಇದನ್ನು ಹೇಳುವುದು ನನಗೂ ಕಷ್ಟ.

ಒಂದು ಜೋಡಿ ನೆನಪಾಗುತ್ತದೆ. ಗುರುತು ಸಿಗದ ಹಾಗೆ ಹೇಳುತ್ತೇನೆ. ಮನೆ ಹಿಡಿಯುವ ಮುಂಚೆ ಅವರು ನೋಡದ್ದೇ ಇಲ್ಲ. ಹೇಮಾವತಿ ನೀರು ಯಾವ ಯಾವ ದಿನ ಬಿಡುತ್ತಾರೆ, ಸಂಪು ಎಷ್ಟು ದೊಡ್ಡದು, ಅಡುಗೆಮನೆ ಆಗ್ನೇಯಕ್ಕಿದೆಯಾ, ಎಲ್ಲ. ಎರಡನೇ ವರ್ಷ ಗೇಟಿಗೆ ಬ್ಯಾಂಕಿನವರು ನೋಟಿಸ್ ಅಂಟಿಸಿ ಹೋದರು. ಭೋಗ್ಯಕ್ಕೆ ಮುಂಚೆಯೇ ಮನೆ ಮೇಲೆ ಸಾಲ ಇತ್ತು, ಕಂತು ನಿಂತಿತ್ತು. ಮೂಲ ಕ್ರಯಪತ್ರ ಕೇಳಿದ್ದಿರಾ ಅಂದೆ. ಆಯಮ್ಮ ಹೇಳಿದರು: "ಹೆಂಗೆ ಕೇಳೋದು ಸಾರ್? ನಮ್ ಮಗೀನ ಹುಟ್ಟಿದಬ್ಬಕ್ಕೆ ಓನರ್ ಆಂಟಿ ಬೆಳ್ಳಿ ಲೋಟ ಕೊಟ್ಟಿದ್ರು." ಆಂಟಿ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಮಗನ ವ್ಯಾಪಾರಕ್ಕೆ ಸಾಲ ಮಾಡಿ ಸಿಕ್ಕಿಕೊಂಡಿದ್ದರು. ಆದರೆ ಬ್ಯಾಂಕಿನ ಅಡಮಾನ ಮೊದಲಿನದ್ದು, ನಿಮ್ಮದು ಆಮೇಲಿನದ್ದು. ಅಂಥ ಕಡೆ ನೀವು ನೋಂದಣಿ ಮಾಡಿಸಿದ್ದರೂ ಸಾಮಾನ್ಯವಾಗಿ ಬ್ಯಾಂಕಿನ ಕೈಯೇ ಮೇಲು.

ಅದಕ್ಕೇ ಮೂಲ ಪತ್ರ ಕೇಳಿ ಅನ್ನುವುದು. ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ತೆಗೆಯಬಹುದು, ತೆಗೆಯಿರಿ. ಆದರೆ ಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಮಾಡಿದ ಸಾಲ ಇಸಿಯಲ್ಲಿ ಕಾಣದೆಯೂ ಇರಬಹುದು. ಜೆರಾಕ್ಸ್ ಮಾತ್ರ ತೋರಿಸಿ "ಒರಿಜಿನಲ್ ಊರಲ್ಲಿದೆ" ಅಂದರೆ, ಬ್ಯಾಂಕಿನಲ್ಲಿದೆ ಅಂದುಕೊಂಡು ವಿಚಾರಿಸಿ. ಖಾತೆ ತೀರಿಕೊಂಡ ತಂದೆಯ ಹೆಸರಲ್ಲೇ ಇದ್ದು ದೊಡ್ಡ ಮಗ ಒಬ್ಬನೇ ಸಹಿ ಹಾಕುತ್ತಿದ್ದರೆ ತಮ್ಮಂದಿರು, ಅಕ್ಕತಂಗಿಯರು ಎಲ್ಲಿ ಅಂತ ಕೇಳಿ.

ಓನರ್ ನೋಂದಣಿಗೆ ಒಪ್ಪುವುದಿಲ್ಲ ಅನ್ನುತ್ತೀರಿ. ಗೊತ್ತು. ಖರ್ಚು ಬರುತ್ತದೆ, ಇಸಿಯಲ್ಲಿ ಸಾಲ ಕಾಣುತ್ತದೆ. ಒಪ್ಪದಿದ್ದರೆ ಸಣ್ಣ ಅಡ್ವಾನ್ಸ್ ಕೊಟ್ಟು ತಿಂಗಳ ಬಾಡಿಗೆಗೆ ಇರಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದ ದಿನವೇ ಯಾರೂ ನಿಮ್ಮ ಪಾತ್ರೆ ಆಚೆ ಎಸೆಯುವಂತಿಲ್ಲ. ಆದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನೂ ನಂಬಿ ಕೂರಬೇಡಿ. ಅದು ಅನ್ವಯಿಸುವುದು ಬೆಂಗಳೂರಿನಂಥ ಕಡೆ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿವರೆಗಿನ ಬಾಡಿಗೆಗೆ ಮಾತ್ರ. ಈಗ ಆ ಬಾಡಿಗೆಗೆ ಒಂದು ರೂಮೂ ಕಷ್ಟ. ಅಗ್ರಿಮೆಂಟಿನಲ್ಲಿ ಏನೂ ಬರೆಯದಿದ್ದರೆ ಸಾಮಾನ್ಯವಾಗಿ 15 ದಿನದ ನೋಟಿಸ್ ಸಾಕಾಗುತ್ತದೆ. ಮೂರು ತಿಂಗಳ ನೋಟಿಸ್ ಅಂತ ಬರೆಸಿಕೊಳ್ಳಿ. ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ ಅಂತಲೂ ಬರೆಸಿ.

ಈಗಾಗಲೇ ನೋಟರಿ ಕಾಗದದ ಮೇಲೆ ಲಕ್ಷಗಟ್ಟಲೆ ಕೊಟ್ಟು ಕೂತಿರುವವರು ಗಾಬರಿಯಾಗಬೇಡಿ, ಓನರ್ ಜೊತೆ ಜಗಳಕ್ಕೂ ಹೋಗಬೇಡಿ. ಈಗಲಾದರೂ ನೋಂದಣಿ ಮಾಡಿಕೊಡುತ್ತಾರಾ ಅಂತ ಕೇಳಿ ನೋಡಿ. ಉಳಿದ ಕಂತೇನಾದರೂ ಇದ್ದರೆ ಬ್ಯಾಂಕಿನ ಮೂಲಕವೇ ಕೊಡಿ. ಇಪ್ಪತ್ತು ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನೋ ಠೇವಣಿಯನ್ನೋ ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆಯವರ ಅಡ್ಡಿಯೂ ಇದೆ. ಅವಧಿ ಮುಗಿದಾಗ "ಖಾಲಿ ಮಾಡಿ, ಹೊಸಬರು ಬಂದ ಮೇಲೆ ದುಡ್ಡು ಕೊಡ್ತೀನಿ" ಅಂದರೆ ಒಪ್ಪಬೇಡಿ. ದುಡ್ಡು ಖಾತೆಗೆ ಬಂದ ಮೇಲೆ ಕೀ ಕೊಡಿ.