ಹಣ ಕಟ್ಟುವವರಿಗೆ ಹೊಸ ಸೌಲಭ್ಯ ಮೊದಲು ಸಿಗಬೇಕೇ?

ಪ್ರಶ್ನೆ: ಮುಂಬಯಿಯ ಮಾಟುಂಗಾದಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಬಿಲ್ಲಿಂಗ್ ತಂತ್ರಾಂಶಕ್ಕೆ ವರ್ಷ ವರ್ಷವೂ ಹಣ ಕಟ್ಟುತ್ತೇವೆ. ಆದರೂ ಹೊಸ ಸೌಲಭ್ಯಗಳು ಪುಕ್ಕಟೆ ಬಳಸುವವರಿಗೇ ಮೊದಲು ಬರುತ್ತವೆ. ಇದು ನ್ಯಾಯವೇ?

ಉತ್ತರ: ದುಡ್ಡು ಕೊಟ್ಟವರು ಹೀಗೆ ಕೇಳುವುದು ಸಹಜ. ಆದರೆ ನಿಮ್ಮ ವ್ಯಾಪಾರಕ್ಕೆ ಹೊಸತು ತಡವಾಗಿ ಬರುವುದೇ ಒಳ್ಳೆಯದು.

ನಾನು ಲೆಕ್ಕ ನೋಡುತ್ತಿದ್ದ ಫೋರ್ಟ್ ಭಾಗದ ಹೋಟೆಲೊಂದರಲ್ಲಿ ಒಂದು ಬೆಳಿಗ್ಗೆ ತಂತ್ರಾಂಶ ತಾನಾಗಿಯೇ ಹೊಸದಾಯಿತು. ಮಧ್ಯಾಹ್ನ ಒಂದು ಗಂಟೆ, ಕಚೇರಿಯವರೆಲ್ಲ ಊಟಕ್ಕೆ ಬರುವ ಹೊತ್ತು. ಟೇಬಲ್ ಸಂಖ್ಯೆ ಇದ್ದ ಜಾಗದಲ್ಲಿ ತಿಂಡಿಗಳ ಚಿತ್ರಗಳು! ಗಲ್ಲೆಯಲ್ಲಿದ್ದ ಹಿರಿಯರ ಬೆರಳು ಅಭ್ಯಾಸದಂತೆ ಏಳನೇ ಟೇಬಲ್ ಒತ್ತಿದರೆ ಪರದೆಯಲ್ಲಿ ಮಸಾಲೆ ದೋಸೆ ಮೂಡುತ್ತಿತ್ತು. ಅಡುಗೆಮನೆಯ ಪ್ರಿಂಟರಿಗೆ ಚೀಟಿಯೇ ಹೋಗಲಿಲ್ಲ. ಮಾಣಿಗಳು ಆರ್ಡರನ್ನು ಕೂಗಿ ಹೇಳುತ್ತಾ ಓಡಾಡಿದರು. ರಾತ್ರಿ ಲೆಕ್ಕ ತಾಳೆಯಾಗಲಿಲ್ಲ.

ದೊಡ್ಡ ಸಂಸ್ಥೆಗಳಿಗೆ ಇದು ಗೊತ್ತಿರುವ ವಿಷಯ. ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ ಲಿನಕ್ಸನ್ನು ಒದಗಿಸುವ ರೆಡ್ ಹ್ಯಾಟ್ ಕಂಪನಿಯ ಹೊಸ ಪ್ರಯೋಗಗಳು ಮೊದಲು ಕಾಣಿಸಿಕೊಳ್ಳುವುದು ಫೆಡೋರಾ ಎಂಬ ಉಚಿತ ಲಿನಕ್ಸಿನಲ್ಲಿ. ಅಲ್ಲಿ ಪಳಗಿದ ಮೇಲೆ ಹಣ ಕೊಡುವ ಗ್ರಾಹಕರ ಲಿನಕ್ಸಿಗೆ ಬರುತ್ತವೆ. ಇಂಟರ್ನೆಟ್ ನೋಡುವ ಬ್ರೌಸರ್ ಫೈರ್‌ಫಾಕ್ಸ್ ಕೂಡ 2012ರಿಂದ ಸಂಸ್ಥೆಗಳಿಗಾಗಿ ನಿಧಾನವಾಗಿ ಬದಲಾಗುವ ಆವೃತ್ತಿಯೊಂದನ್ನು ಕೊಡುತ್ತಿದೆ. ಅದರಲ್ಲಿ ಸುರಕ್ಷತೆಯ ತಿದ್ದುಪಡಿಗಳು ಬರುತ್ತಲೇ ಇರುತ್ತವೆ, ಹೊಸ ಸೌಲಭ್ಯಗಳು ಮಾತ್ರ ಕಾಯುತ್ತವೆ.

ಎಲ್ಲರಿಗೂ ಒಟ್ಟಿಗೇ ಕಳುಹಿಸಿದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 19ರಂದು ನೋಡಿದೆವು. ಕಂಪ್ಯೂಟರುಗಳ ಸುರಕ್ಷತೆ ನೋಡಿಕೊಳ್ಳುವ ಕ್ರೌಡ್‌ಸ್ಟ್ರೈಕ್ ಕಂಪನಿ ಕಳುಹಿಸಿದ ಒಂದು ದೋಷಪೂರಿತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಪೆಟ್ಟು ತಿಂದವರು ಹಣ ಕಟ್ಟಿದ ಸಂಸ್ಥೆಗಳೇ.

ಕಾನೂನಿನ ಬದಲಾವಣೆಯ ಮಾತು ಬೇರೆ. 2017ರ ನವೆಂಬರ್ 15ರಿಂದ ಬಹುತೇಕ ಹೋಟೆಲುಗಳ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತು. ಅಂಥ ತಿದ್ದುಪಡಿ ಒಂದು ದಿನವೂ ತಡವಾಗಬಾರದು. ತಡವಾದರೆ ಖಂಡಿತ ಜಗಳವಾಡಿ. ನೀವೇ ಕೇಳಿ ಮಾಡಿಸಿಕೊಂಡ ಸೌಲಭ್ಯವೂ ನಿಮಗೇ ಮೊದಲು ಸಿಗಬೇಕು.

ಮುಂದಿನ ಸಲ ಚಂದಾ ಕಟ್ಟುವ ಮೊದಲು ಅವರನ್ನು ಎರಡು ಮಾತು ಕೇಳಿ. ಹೊಸ ಆವೃತ್ತಿಯನ್ನು ನಾವು ಒಂದು ತಿಂಗಳು ಮುಂದೂಡಬಹುದೇ? ಕೆಟ್ಟರೆ ಹಳೆಯದಕ್ಕೆ ಮರಳಲು ಎಷ್ಟು ಹೊತ್ತು ಬೇಕು? ಉತ್ತರವನ್ನು ಬರಹದಲ್ಲೇ ಪಡೆಯಿರಿ.