ಆಶ್ರಯ: ತಪ್ಪು ಮಾಡಿ ಬಂದ ಗೆಳೆಯನಿಗೆ ಬಾಗಿಲು ತೆರೆದರೆ ಕಾನೂನು ಏನನ್ನುತ್ತದೆ?

ಪತ್ರಿಕೆಯ ಅಪರಾಧ ಸುದ್ದಿಗಳ ಕೊನೆಯಲ್ಲಿ ಒಂದು ಸಾಲು ಆಗಾಗ ಕಾಣುತ್ತದೆ: ‘ಆರೋಪಿಗೆ ಆಶ್ರಯ ನೀಡಿದ್ದ ಸ್ನೇಹಿತನನ್ನೂ ಪೊಲೀಸರು ಬಂಧಿಸಿದ್ದಾರೆ.’ ಮುಖ್ಯ ಆರೋಪಿಯ ಬಗ್ಗೆ ಎರಡು ಕಾಲಂ ಸುದ್ದಿ ಇರುತ್ತದೆ, ಈ ಸ್ನೇಹಿತನ ಬಗ್ಗೆ ಇಷ್ಟೇ. ಅವನು ಯಾರಿಗೂ ಹೊಡೆದಿಲ್ಲ, ಏನನ್ನೂ ಕದ್ದಿಲ್ಲ. ಬಂದವನನ್ನು ಒಳಗೆ ಕರೆದಿದ್ದಾನೆ, ಊಟ ಹಾಕಿದ್ದಾನೆ, ಮಲಗಲು ಜಾಗ ಕೊಟ್ಟಿದ್ದಾನೆ. ಇದಕ್ಕೆಲ್ಲ ಬಂಧನವಾ ಅಂತ ಓದುವವರಿಗೆ ಅನ್ನಿಸುವುದು ಸಹಜ.

ನಮ್ಮ ಮಾತಿನಲ್ಲಿ ಆಶ್ರಯ ಒಳ್ಳೆಯ ಪದ. ಸರ್ಕಾರ ಬಡವರಿಗೆ ಕಟ್ಟಿಸಿಕೊಟ್ಟದ್ದು ‘ಆಶ್ರಯ ಮನೆ’. ದಿಕ್ಕಿಲ್ಲದವರಿಗೆ ಆಶ್ರಯ ಕೊಟ್ಟವರನ್ನು ಊರೇ ಹೊಗಳುತ್ತದೆ. ಆದರೆ ಕ್ರಿಮಿನಲ್ ಕಾನೂನಿನಲ್ಲಿ ಈ ಪದಕ್ಕೆ ಬೇರೆಯೇ ಅರ್ಥ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ತನ್ನ ಆರಂಭದಲ್ಲೇ, 2ನೇ ಸೆಕ್ಷನ್‌ನಲ್ಲಿ, ಆಶ್ರಯದಲ್ಲಿ ಏನೇನು ಸೇರುತ್ತದೆ ಅಂತ ಹೇಳಿಬಿಡುತ್ತದೆ. ಇರಲು ಜಾಗ, ಊಟ, ನೀರು, ದುಡ್ಡು, ಬಟ್ಟೆ, ಆಯುಧ, ಮದ್ದುಗುಂಡು, ಓಡಾಡಲು ವಾಹನ. ಇಷ್ಟೇ ಅಲ್ಲ, ಪೊಲೀಸರ ಕೈಗೆ ಸಿಗದಂತೆ ಬೇರೆ ಯಾವ ರೀತಿಯಲ್ಲಿ ನೆರವಾದರೂ ಅದು ಆಶ್ರಯವೇ. ಆಯುಧ, ಮದ್ದುಗುಂಡು ಬಿಟ್ಟರೆ ಉಳಿದದ್ದೆಲ್ಲ ನಾವು ಮನೆಗೆ ಬಂದ ಗೆಳೆಯನಿಗೆ ಕೇಳದೆಯೇ ಕೊಡುವಂಥದ್ದು ಅಲ್ವಾ? ಈ ಕಾನೂನು ನಮ್ಮನ್ನು ತಬ್ಬಿಬ್ಬು ಮಾಡುವುದು ಇದೇ ಕಾರಣಕ್ಕೆ.

ಹಾಗಂತ ಊಟ ಹಾಕಿದವರೆಲ್ಲ ಜೈಲಿಗೆ ಹೋಗುವುದಿಲ್ಲ. ಶಿಕ್ಷೆಯ ಮಾತು ಬರುವುದು 249ನೇ ಸೆಕ್ಷನ್‌ನಲ್ಲಿ. ಅಲ್ಲಿ ಮೂರು ಸಂಗತಿಗಳು ಒಟ್ಟಿಗೆ ಸೇರಬೇಕು. ಅಪರಾಧ ನಡೆದಿರಬೇಕು. ಮಾಡಿದವನು ಇವನೇ ಅಂತ ನಿಮಗೆ ಗೊತ್ತಿರಬೇಕು, ಅಥವಾ ಹಾಗೆ ನಂಬಲು ಕಾರಣ ಇರಬೇಕು. ಅವನನ್ನು ಶಿಕ್ಷೆಯಿಂದ ತಪ್ಪಿಸುವ ಉದ್ದೇಶ ನಿಮಗಿರಬೇಕು.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ರಾತ್ರಿ ಹನ್ನೊಂದೂವರೆಗೆ ಗೆಳೆಯ ಬಂದು ಬಾಗಿಲು ತಟ್ಟುತ್ತಾನೆ. ‘ಮಗಾ, ಎರಡು ದಿನ ನಿನ್ ರೂಮಲ್ಲಿ ಇರ್ತೀನಿ, ಮನೇಲಿ ಸ್ವಲ್ಪ ಜಗಳ’ ಅನ್ನುತ್ತಾನೆ. ನೀವು ನಂಬಿ ಒಳಗೆ ಕರೆದರೆ ಅದು ಅಪರಾಧ ಅಲ್ಲ. ಮರುದಿನ ಅವನ ಫೋನ್ ಸ್ವಿಚ್ ಆಫ್. ಅಂಗಡಿಗೆ ಕರೆದರೂ ಹೊರಗೆ ಬರುವುದಿಲ್ಲ. ಅವನ ಏರಿಯಾದಲ್ಲಿ ಹೊಡೆದಾಟ ಆಗಿ ಒಬ್ಬ ಆಸ್ಪತ್ರೆ ಸೇರಿದ್ದಾನೆ, ಇವನನ್ನು ಹುಡುಕುತ್ತಿದ್ದಾರೆ ಅಂತ ಯಾರೋ ಹೇಳುತ್ತಾರೆ. ಇಲ್ಲಿಂದ ಮುಂದೆ ‘ನಂಗೇನೂ ಗೊತ್ತಿರಲಿಲ್ಲ ಸಾರ್’ ಅನ್ನುವ ಮಾತು ನಿಲ್ಲುವುದು ಕಷ್ಟ. ‘ನಂಬಲು ಕಾರಣ’ ಅಂದರೆ ಇದೇ. ಆಗಲೂ ಅವನ ಮುಂದೆ ಊಟದ ತಟ್ಟೆ ಇಟ್ಟು, ‘ಉಂಡ್ಕೋ, ಆಮೇಲೆ ವಕೀಲರ ಹತ್ರ ಹೋಗೋಣ’ ಅಂದರೆ ಅದರಲ್ಲಿ ಬಚ್ಚಿಡುವ ಉದ್ದೇಶ ಇಲ್ಲ. ‘ಊಟ ಮಾಡು, ಬೆಳಗಿನ ಜಾವ ಗೋವಾ ಬಸ್ ಹತ್ತಿಸ್ತೀನಿ’ ಅಂದರೆ ಇದೆ. ಅದೇ ಅನ್ನ, ಅದೇ ತಟ್ಟೆ. ಕೋರ್ಟು ನೋಡುವುದು ಅದರ ಹಿಂದಿನ ಉದ್ದೇಶವನ್ನು.

ಶಿಕ್ಷೆ ಎಷ್ಟು ಅನ್ನುವುದು ಗೆಳೆಯ ಮಾಡಿದ ಅಪರಾಧದ ಮೇಲೆ ನಿಂತಿದೆ. ಅವನ ಅಪರಾಧಕ್ಕೆ ಮರಣದಂಡನೆ ವಿಧಿಸಲು ಅವಕಾಶ ಇದ್ದರೆ ನಿಮಗೆ 5 ವರ್ಷದವರೆಗೆ ಜೈಲು ಮತ್ತು ದಂಡ. ಜೀವಾವಧಿ ಅಥವಾ 10 ವರ್ಷದ ಅಪರಾಧವಾದರೆ 3 ವರ್ಷದವರೆಗೆ ಜೈಲು, ಜೊತೆಗೆ ದಂಡ. ಅದಕ್ಕಿಂತ ಕಡಿಮೆಯದಾದರೆ ಆ ಅಪರಾಧದ ಗರಿಷ್ಠ ಅವಧಿಯ ಕಾಲು ಭಾಗದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ. ಹಾಗಾಗಿ ಕದ್ದ ಗೆಳೆಯನನ್ನು ಬಚ್ಚಿಟ್ಟರೆ 9 ತಿಂಗಳವರೆಗೆ ಆಗಬಹುದು.

ಈ ಸೆಕ್ಷನ್‌ನಿಂದ ಹೊರಗುಳಿಯುವುದು ಒಂದೇ ಸಂಬಂಧ: ಗಂಡ, ಹೆಂಡತಿ. ತಪ್ಪು ಮಾಡಿ ಬಂದ ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಆಶ್ರಯ ಕೊಟ್ಟರೆ ಈ ಸೆಕ್ಷನ್ ಅವರನ್ನು ಹಿಡಿಯುವುದಿಲ್ಲ. ಹೆತ್ತ ತಾಯಿಗೂ ಈ ವಿನಾಯಿತಿ ಇಲ್ಲ, ಒಡಹುಟ್ಟಿದವರಿಗೂ ಇಲ್ಲ. ಇನ್ನು ಗೆಳೆಯರ ಮಾತೆಲ್ಲಿ? ತಾಯಿಯ ವಿಷಯದಲ್ಲಿ ಇದು ತೀರಾ ಕಠೋರ ಅಂತ ನನಗನ್ನಿಸುತ್ತದೆ. ಮಗ ಬಂದು ಬಾಗಿಲಲ್ಲಿ ನಿಂತಾಗ ಯಾವ ತಾಯಿ ಸೆಕ್ಷನ್ ನೋಡುತ್ತಾಳೆ?

ಆಶ್ರಯದ ಅಕ್ಕಪಕ್ಕದಲ್ಲೇ ಇನ್ನೂ ಕೆಲವು ಅಪರಾಧಗಳಿವೆ. ಗೆಳೆತನದಲ್ಲಿ ಜನ ಜಾಸ್ತಿ ಸಿಕ್ಕಿಬೀಳುವುದು ಇವುಗಳಲ್ಲೇ ಅನ್ನಿಸುತ್ತದೆ. ‘ನಮ್ಮ ಚಾಟ್ ಎಲ್ಲಾ ಡಿಲೀಟ್ ಮಾಡ್ಬಿಡು’, ‘ಈ ಶರ್ಟ್ ಒಗೆದು ಇಡು’, ‘ಗಾಡಿನ ನಿಮ್ಮ ಗ್ಯಾರೇಜಲ್ಲಿ ನಿಲ್ಲಿಸ್ತೀನಿ, ಬಂಪರ್ ಬದಲಾಯಿಸ್ಬಿಡೋಣ’. ಇವೆಲ್ಲ ಸಾಕ್ಷ್ಯ ನಾಶದ ದಾರಿ. ಅದು 238ನೇ ಸೆಕ್ಷನ್. ಕೊಲೆಯಂಥ ಪ್ರಕರಣದಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ, ಅಂದರೆ ಆಶ್ರಯಕ್ಕಿಂತ ಹೆಚ್ಚು. ಇಲ್ಲಿ ಗಂಡ ಹೆಂಡತಿಗೂ ವಿನಾಯಿತಿ ಇಲ್ಲ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದರೂ 7 ವರ್ಷದವರೆಗೆ ಆಗಬಹುದು.

ಹಾಗಾದರೆ ಸುಮ್ಮನಿರುವುದು? ತುಂಬ ಜನ ತಿಳಿದುಕೊಂಡಿರುವುದು, ಗೊತ್ತಿದ್ದೂ ಪೊಲೀಸರಿಗೆ ಹೇಳದಿದ್ದರೆ ತಾವೂ ಅಪರಾಧಿ ಅಂತ. ಎಲ್ಲ ಅಪರಾಧಕ್ಕೂ ಹಾಗಿಲ್ಲ. ಕೊಲೆ, ದರೋಡೆ, ಹಣಕ್ಕಾಗಿ ಅಪಹರಣದಂಥ ಕೆಲವು ಗಂಭೀರ ಅಪರಾಧಗಳ ಪಟ್ಟಿ, ತನಿಖೆ ಮತ್ತು ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಸೆಕ್ಷನ್‌ನಲ್ಲಿದೆ. ಅವುಗಳ ವಿಷಯ ತಿಳಿದವರು ತಕ್ಷಣ ಮಾಹಿತಿ ಕೊಡಬೇಕು. ಕೊಡದಿದ್ದರೆ ಅದಕ್ಕೆ ಸರಿಯಾದ ಕಾರಣ ತೋರಿಸಬೇಕಾದವರು ಅವರೇ. ಬೇಕಂತಲೇ ಮುಚ್ಚಿಟ್ಟರೆ 6 ತಿಂಗಳವರೆಗೆ ಶಿಕ್ಷೆ ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ಇನ್ನೂ ಬಿಗಿ. ಗೊತ್ತಾದವರು ಯಾರೇ ಆಗಿರಲಿ, ತಿಳಿಸಲೇಬೇಕು. ಇಲ್ಲಿ ನನಗೆ ಎರಡನೇ ಯೋಚನೆಯೇ ಇಲ್ಲ. ಒಂದು ಮಗುವಿನ ಎದುರು ಯಾವ ಗೆಳೆತನಕ್ಕೂ ಮಾತಾಡುವ ಹಕ್ಕಿಲ್ಲ.

ಈ ಪಟ್ಟಿಯ ಆಚೆ ಇರುವ ಸಣ್ಣ ಕಳ್ಳತನ, ಹೊಡೆದಾಟ, ವಂಚನೆಗಳಲ್ಲಿ, ನೀವಾಗಿ ಠಾಣೆಗೆ ಓಡಿಹೋಗಿ ಗೆಳೆಯನ ಹೆಸರು ಹೇಳಬೇಕು ಅಂತ ಸಾಮಾನ್ಯವಾಗಿ ಕಾನೂನು ಕೇಳುವುದಿಲ್ಲ. ಅದು ತಡೆಯುವುದು ಬಚ್ಚಿಡುವುದನ್ನು, ಅಳಿಸಿಹಾಕುವುದನ್ನು, ಸುಳ್ಳು ಹೇಳುವುದನ್ನು. ನಾವು ನಿಷ್ಠೆ ಮತ್ತು ನ್ಯಾಯವನ್ನು ಎದುರುಬದುರು ನಿಲ್ಲಿಸಿ, ಒಂದೋ ಹಿಡಿದುಕೊಡಬೇಕು ಇಲ್ಲವೇ ಮುಚ್ಚಿಡಬೇಕು ಅಂತ ಒದ್ದಾಡುತ್ತೇವೆ. ಇವೆರಡರ ನಡುವೆ ಸಾಕಷ್ಟು ಜಾಗ ಇದೆ. ಗೆಳೆಯನಾಗಿ ಮಾಡಬೇಕಾದ ಕೆಲಸ ಇರುವುದು ಅಲ್ಲಿಯೇ.

ಆದರೆ ಸುಮ್ಮನಿರುವುದಕ್ಕೂ ಕೊನೆ ಇದೆ. ತನಿಖಾಧಿಕಾರಿ ನೋಟಿಸ್ ಕೊಟ್ಟು ಕರೆದು ಕೇಳಿದರೆ, ಗೊತ್ತಿದ್ದದ್ದನ್ನು ನಿಜವಾಗಿ ಹೇಳಬೇಕು. ನಿಮ್ಮನ್ನೇ ಆರೋಪಿ ಮಾಡುವಂಥ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕಿಲ್ಲ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವ ಹಾಗಿಲ್ಲ ಅನ್ನುವುದೂ ತಿಳಿದಿರಲಿ.

ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆದಿರುವುದೇ ಇಲ್ಲ. ಗೆಳೆಯ ಮನಸ್ಸು ತಡೆಯದೆ ‘ನಾನೇ ಮಾಡ್ದೆ ಕಣೋ’ ಅಂತ ನಿಮ್ಮ ಮುಂದೆ ಹೇಳಿಕೊಂಡ ಅಂತಿಟ್ಟುಕೊಳ್ಳಿ. ಇದೇ ಮಾತನ್ನು ಅವನು ಪೊಲೀಸ್ ಅಧಿಕಾರಿಯ ಮುಂದೆ ಹೇಳಿದ್ದರೆ ಅದನ್ನು ಅವನ ವಿರುದ್ಧ ತಪ್ಪೊಪ್ಪಿಗೆಯಾಗಿ ಬಳಸುವ ಹಾಗಿಲ್ಲ. ಹೊಡೆದು ಬಡಿದು ಹೇಳಿಸಿರಬಹುದು ಅನ್ನುವ ಭಯದಿಂದ ಕಾನೂನು ಆ ಬಾಗಿಲನ್ನು ಮುಚ್ಚಿದೆ. ನಿಮ್ಮ ಮುಂದೆ ಹೇಳಿದ್ದಕ್ಕೆ ಆ ರಕ್ಷಣೆ ಇಲ್ಲ. ಕೋರ್ಟು ನಿಮ್ಮನ್ನು ಸಾಕ್ಷಿಕಟ್ಟೆಗೆ ಕರೆದು ಅವನು ಏನು ಹೇಳಿದ ಅಂತ ಕೇಳಬಹುದು. ಇಂಥ ತಪ್ಪೊಪ್ಪಿಗೆಯನ್ನು ನ್ಯಾಯಾಲಯಗಳು ದುರ್ಬಲ ಸಾಕ್ಷ್ಯ ಅಂತಲೇ ನೋಡುತ್ತವೆ, ಬೇರೆ ಪುರಾವೆಯ ಬೆಂಬಲ ಹುಡುಕುತ್ತವೆ. ಆದರೂ ಅದು ಸಾಕ್ಷ್ಯವೇ. ವಕೀಲರ ಮುಂದೆ ಹೇಳಿಕೊಂಡ ಮಾತಿಗೆ ರಕ್ಷಣೆ ಇದೆ. ದಾಂಪತ್ಯದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಮಾತಿಗೂ ಇದೆ. ಗೆಳೆಯರ ಮಾತಿಗೆ ಇಲ್ಲ. ಆದ್ದರಿಂದ ಗೆಳೆಯ ಹೇಳಲು ಬಾಯಿ ತೆರೆದಾಗ ‘ಮೊದಲು ವಕೀಲರ ಹತ್ರ ಹೇಳು’ ಅನ್ನುವುದರಲ್ಲಿ ಅವನ ಹಿತವೂ ಇದೆ, ನಿಮ್ಮದೂ ಇದೆ.

ನಿಷ್ಠೆ ಮತ್ತು ನ್ಯಾಯದ ಈ ಜಗ್ಗಾಟವನ್ನು ಸಮಾಜಶಾಸ್ತ್ರಜ್ಞರು ಒಂದು ಪ್ರಶ್ನೆಯಾಗಿ ಮಾಡಿ ಜನರನ್ನು ಕೇಳಿದ್ದಾರೆ. ಅಮೆರಿಕದ ಸ್ಯಾಮ್ಯುಯೆಲ್ ಸ್ಟೌಫರ್ ಮತ್ತು ಜಾಕ್ಸನ್ ಟೋಬಿ ಅದನ್ನು ಪ್ರಕಟಿಸಿದ್ದು 1951ರಲ್ಲಿ. ಪ್ರಶ್ನೆ ಹೀಗಿದೆ. ನಿಮ್ಮ ಆಪ್ತ ಗೆಳೆಯ ಕಾರು ಓಡಿಸುತ್ತಿದ್ದಾನೆ, ನೀವು ಪಕ್ಕದಲ್ಲಿದ್ದೀರಿ. ಅವನು ನಡೆದು ಹೋಗುತ್ತಿದ್ದ ಒಬ್ಬರಿಗೆ ಡಿಕ್ಕಿ ಹೊಡೆಯುತ್ತಾನೆ. ಗಂಟೆಗೆ 20 ಮೈಲಿ ಮಿತಿ ಇರುವ ಕಡೆ ಅವನ ವೇಗ ಕಡಿಮೆ ಅಂದರೂ 35 ಇತ್ತು. ಬೇರೆ ಸಾಕ್ಷಿಗಳಿಲ್ಲ. ವೇಗ 20 ಇತ್ತು ಅಂತ ನೀವು ಪ್ರಮಾಣ ಮಾಡಿ ಹೇಳಿದರೆ ಅವನು ಬಚಾವ್. ನೀವು ಹಾಗೆ ಹೇಳಲಿ ಅಂತ ನಿರೀಕ್ಷಿಸುವ ಹಕ್ಕು ಅವನಿಗಿದೆಯಾ?

ಮುಂದೆ ನೆದರ್ಲೆಂಡ್ಸ್‌ನ ಫಾನ್ಸ್ ಟ್ರೊಂಪೆನಾರ್ಸ್ ಇದೇ ಪ್ರಶ್ನೆಯನ್ನು ಹಲವು ದೇಶಗಳ ಮ್ಯಾನೇಜರುಗಳಿಗೆ ಕೇಳಿದರು. ಸ್ವಿಟ್ಜರ್ಲೆಂಡ್, ಅಮೆರಿಕದಂಥ ಕಡೆ ಸುಳ್ಳು ಹೇಳುವುದಿಲ್ಲ ಅಂದವರೇ ಹೆಚ್ಚು. ವೆನೆಜುವೆಲಾ, ದಕ್ಷಿಣ ಕೊರಿಯಾದಲ್ಲಿ ಗೆಳೆಯನ ಪರ ನಿಲ್ಲುವೆ ಅಂದವರ ಪಾಲು ದೊಡ್ಡದು. ನನ್ನನ್ನು ಕಾಡಿದ್ದು ಅವರು ಗಮನಿಸಿದ ಇನ್ನೊಂದು ಸಂಗತಿ. ಪಾದಚಾರಿಗೆ ಆದ ಪೆಟ್ಟು ಎಷ್ಟು ಗಂಭೀರ ಅಂತ ಎರಡೂ ಕಡೆಯವರು ವಿಚಾರಿಸುತ್ತಿದ್ದರಂತೆ. ಪೆಟ್ಟು ಜಾಸ್ತಿ ಆಗಿದ್ದರೆ ಒಬ್ಬರು ‘ಹಾಗಾದರೆ ಸತ್ಯ ಹೇಳಲೇಬೇಕು’ ಅನ್ನುತ್ತಾರೆ. ಇನ್ನೊಬ್ಬರು ‘ಹಾಗಾದರೆ ಗೆಳೆಯನಿಗೆ ನನ್ನ ಅಗತ್ಯ ಇನ್ನೂ ಹೆಚ್ಚು’ ಅನ್ನುತ್ತಾರೆ.

ಎರಡನೆಯ ಉತ್ತರ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಹಾಗೆಯೇ ಯೋಚಿಸುತ್ತಾರೆ. ಆದರೂ ನಾನದನ್ನು ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ ಅದೇ ಅಪಘಾತ ಆಯಿತು ಅನ್ನಿ. ಪೆಟ್ಟು ತಿಂದವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತಾರೆ. ಗಳಿಕೆ, ವಯಸ್ಸು ಎಲ್ಲ ಲೆಕ್ಕ ಹಾಕಿ ಪೂರ್ಣ ಪರಿಹಾರ ಕೇಳುವಾಗ ಚಾಲಕನ ನಿರ್ಲಕ್ಷ್ಯವನ್ನು ತೋರಿಸಬೇಕಾಗುತ್ತದೆ. ನಿರ್ಲಕ್ಷ್ಯ ಸಾಬೀತು ಮಾಡದೆ ಸಿಗುವುದು ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ವೇಗ ಕಡಿಮೆ ಇತ್ತು ಅನ್ನುವ ನಿಮ್ಮ ಒಂದು ಸುಳ್ಳು ಗೆಳೆಯನನ್ನು ಉಳಿಸಬಹುದು. ಕಾಲು ಕಳೆದುಕೊಂಡ ಗಾರೆ ಕೆಲಸದವರ ಮನೆಯ ಮುಂದಿನ ಇಪ್ಪತ್ತು ವರ್ಷದ ಊಟವನ್ನೂ ಅದೇ ಸುಳ್ಳು ಕಿತ್ತುಕೊಳ್ಳಬಹುದು. ಗೆಳೆಯನ ಋಣ ನನ್ನದು. ಅದನ್ನು ನಾನು ಅವರ ಗಂಟಿನಿಂದ ತೀರಿಸುವುದು ಹೇಗೆ?

ಗೆಳೆತನದ ನಿಷ್ಠೆ ಅಂದ ಕೂಡಲೇ ನಮಗೆ ನೆನಪಾಗುವವನು ಕರ್ಣ. ನನಗೆ ವಿಕರ್ಣನೂ ನೆನಪಾಗುತ್ತಾನೆ. ದುರ್ಯೋಧನನ ತಮ್ಮ. ದ್ರೌಪದಿಯನ್ನು ಸಭೆಗೆ ಎಳೆತಂದಾಗ ಹಿರಿಯರೆಲ್ಲ ತಲೆತಗ್ಗಿಸಿ ಕೂತಿದ್ದರು. ಆಗ ಎದ್ದು ನಿಂತು, ಅವಳನ್ನು ಪಣಕ್ಕಿಟ್ಟದ್ದೇ ಸರಿಯಲ್ಲ, ಅವಳು ದಾಸಿಯಲ್ಲ ಅಂದವನು ಅವನು. ಅವನ ಬಾಯಿ ಮುಚ್ಚಿಸಿದವನು ಕರ್ಣ. ಮುಂದೆ ಯುದ್ಧ ಬಂದಾಗ ವಿಕರ್ಣ ಅಣ್ಣನ ಪಕ್ಷ ಬಿಡಲಿಲ್ಲ, ಭೀಮನ ಕೈಯಲ್ಲಿ ಸತ್ತ. ಯುದ್ಧದಲ್ಲಿ ಅವನು ನಿಂತ ಕಡೆ ಸರಿಯೋ ತಪ್ಪೋ ಅನ್ನುವ ವಾದ ಇದ್ದೇ ಇದೆ. ಆದರೆ ಆ ಸಭೆಯಲ್ಲಿ ದುರ್ಯೋಧನನ ಒಳಿತು ಬಯಸಿದವರು ಯಾರು ಅಂತ ಕೇಳಿದರೆ ನಾನು ವಿಕರ್ಣನ ಹೆಸರನ್ನೇ ಹೇಳುತ್ತೇನೆ.

ಈಗ ಆ ನಡುವಿನ ಜಾಗದ ಮಾತು. ತಪ್ಪು ಮಾಡಿದವನ ಪಕ್ಕ ನಿಲ್ಲಲು ಕಾನೂನಿನ ಒಳಗೇ ದಾರಿಗಳಿವೆ. ವಕೀಲರನ್ನು ಗೊತ್ತುಮಾಡಿ ಕೊಡಬಹುದು. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು, ಸಹಾಯವಾಣಿ ಸಂಖ್ಯೆ 15100. ಅಪಘಾತವಾಗಿದ್ದರೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲು ಗೆಳೆಯನನ್ನು ಒಪ್ಪಿಸಿ, ಠಾಣೆಗೆ ಜೊತೆಯಲ್ಲಿ ಹೋಗಬಹುದು. ಚಾಲಕ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಶರಣಾಗುವ ದಿನ ಜೊತೆಗಿರಬಹುದು. ಅವನ ಅಪ್ಪ ಅಮ್ಮನಿಗೆ ವಿಷಯ ತಿಳಿಸುವ ಕಷ್ಟದ ಕೆಲಸ ಹೊರಬಹುದು. ಜೈಲಿಗೆ ಹೋಗಿ ನೋಡಿಕೊಂಡು ಬರಬಹುದು.

ಇವುಗಳಲ್ಲಿ ತೂಕದ್ದು ಜಾಮೀನು ನಿಲ್ಲುವುದು. ನಮ್ಮ ಕಡೆಯ ಕೋರ್ಟುಗಳಲ್ಲಿ ಪಹಣಿ, ಆಧಾರ್ ಕಾರ್ಡ್ ಹಿಡಿದು ನಿಂತಿರುವವರನ್ನು ನೀವು ನೋಡಿರುತ್ತೀರಿ. ‘ಇವನು ಕರೆದಾಗ ಕೋರ್ಟಿಗೆ ಬರುತ್ತಾನೆ, ಅದಕ್ಕೆ ನಾನು ಹೊಣೆ’ ಅಂತ ಬರೆದುಕೊಡುವವರು ಅವರು. ಅವನು ಬರದೆ ತಪ್ಪಿಸಿಕೊಂಡರೆ ಮುಚ್ಚಳಿಕೆಯಲ್ಲಿ ಬರೆದ ಮೊತ್ತವನ್ನು ಕೋರ್ಟು ಜಾಮೀನುದಾರರಿಂದ ವಸೂಲಿ ಮಾಡಬಹುದು. ಆದ್ದರಿಂದ ಸಹಿ ಹಾಕುವ ಮೊದಲು ಮೊತ್ತ ಎಷ್ಟು, ಮುಂದಿನ ವಾಯಿದೆ ಯಾವಾಗ, ಊರು ಬಿಡಬಾರದು ಅನ್ನುವ ಷರತ್ತು ಇದೆಯಾ ಅಂತ ವಕೀಲರನ್ನು ಕೇಳಿ ತಿಳಿದುಕೊಳ್ಳಿ. ಅವನು ವಾಯಿದೆಗೆ ಹೋಗುತ್ತಿದ್ದಾನಾ ಅಂತ ಆಗಾಗ ವಿಚಾರಿಸಿ. ಮುಂದೆ ಅವನ ಮೇಲೆ ನಂಬಿಕೆ ಹೋದರೆ, ಜಾಮೀನಿನಿಂದ ಬಿಡುಗಡೆ ಮಾಡಿ ಅಂತ ಅದೇ ಕೋರ್ಟಿಗೆ ಅರ್ಜಿ ಕೊಡಲು ಅವಕಾಶ ಇದೆ.