ಕೇಳುಗನೆಂಬ ಅರ್ಧ ಕಿಟಕಿ

ಕಲ್ಯಾಣ ಮಂಟಪದಲ್ಲಿ ಸಂಗೀತ ಕಚೇರಿ ಏರ್ಪಡಿಸಿದವರಿಗೆ ಮಧ್ಯಾಹ್ನ ಮೂರು ಗಂಟೆಯ ಗಾಬರಿ ಎಂಥದ್ದೆಂದು ಗೊತ್ತಿರುತ್ತದೆ. ಮೈಕಿನವರು ಬಂದು ಒಮ್ಮೆ ‘ಹಲೋ’ ಎನ್ನುತ್ತಾರೆ. ಆ ಹಲೋ ಗ್ರಾನೈಟ್ ನೆಲಕ್ಕೆ ಬಡಿದು, ಗಾಜಿನ ಕಿಟಕಿಗೆ ತಾಗಿ, ಸೂರನ್ನು ಮುಟ್ಟಿ, ಊಟದ ಮನೆಯವರೆಗೂ ಹೋಗಿ ಬಂದು, ಇನ್ನೂ ಸಾಯದೆ ಅಲ್ಲೇ ಸುತ್ತುತ್ತಿರುತ್ತದೆ. ಮೃದಂಗದವರು ಒಂದು ಚಾಪು ನುಡಿಸಿದರೆ ನಾಲ್ಕು ಕೇಳಿಸುತ್ತದೆ. ಮೊದಲ ಸಲ ಇಂಥ ಜವಾಬ್ದಾರಿ ಹೊತ್ತಾಗ ನಾನು ಕಚೇರಿಯನ್ನೇ ಬೇರೆಡೆಗೆ ಸಾಗಿಸುವ ಯೋಚನೆಯಲ್ಲಿದ್ದೆ. ಪಿಟೀಲಿನ ಹಿರಿಯ ವಿದ್ವಾಂಸರು ಮಾತ್ರ ಕಾಫಿ ಲೋಟ ಕೆಳಗಿಡದೆ, “ಗಾಬರಿಯಾಗಬೇಡಿ. ಜನ ಬರಲಿ, ತಾನೇ ಸರಿಹೋಗುತ್ತದೆ” ಎಂದರು. ಸಂಜೆ ಮುನ್ನೂರು ಜನ ಬಂದು ಕುಳಿತರು. ಸರಿಹೋಯಿತು.

ಜನ ಬಂದು ಮಾಡಿದ್ದಾದರೂ ಏನು? ಸುಮ್ಮನೆ ಕುಳಿತರು, ಅಷ್ಟೇ. ಆ ಸುಮ್ಮನೆ ಕುಳಿತುಕೊಳ್ಳುವ ಕೆಲಸಕ್ಕೆ ಎಷ್ಟು ಬೆಲೆಯೆಂದು ಲೆಕ್ಕ ಹಾಕಿ ತೋರಿಸಿದವನು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ತರುಣ ಅಧ್ಯಾಪಕ ವ್ಯಾಲೇಸ್ ಸೇಬಿನ್. 1895ರಲ್ಲಿ ಅವನಿಗೆ ಇಪ್ಪತ್ತೇಳು ವರ್ಷ. ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದಲ್ಲಿ ಹೊಸ ಉಪನ್ಯಾಸ ಕೊಠಡಿ ಕಟ್ಟಿದ್ದರು. ಅಲ್ಲಿ ಆಡಿದ ಒಂದು ಮಾತು ಐದೂವರೆ ಸೆಕೆಂಡಿಗೂ ಹೆಚ್ಚು ಹೊತ್ತು ಗುಂಯ್ಗುಡುತ್ತಿತ್ತು. ಅಷ್ಟರಲ್ಲಿ ಪ್ರಾಧ್ಯಾಪಕರು ಹತ್ತು ಹನ್ನೆರಡು ಪದ ಮುಂದೆ ಹೋಗಿರುತ್ತಿದ್ದರು; ಎಲ್ಲ ಪದಗಳೂ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ಇದನ್ನು ಸರಿಪಡಿಸು ಎಂದು ಸೇಬಿನ್‌ಗೆ ಹೇಳಿದರು. ಹಿರಿಯರಾರೂ ಕೈಹಾಕಲು ಇಷ್ಟಪಡದ ಕೆಲಸ ಕಿರಿಯನ ಪಾಲಿಗೆ ಬರುವುದು ಎಲ್ಲ ಊರಿನಲ್ಲೂ ಇರುವ ಪದ್ಧತಿ.

ಸೇಬಿನ್ ಹಿಡಿದ ದಾರಿ ಸರಳ, ಆದರೆ ಮೈಮುರಿಯುವಂಥದ್ದು. ಅದೇ ವಿಶ್ವವಿದ್ಯಾಲಯದ ಸ್ಯಾಂಡರ್ಸ್ ಥಿಯೇಟರ್‌ನಲ್ಲಿ ಮಾತು ಚೆನ್ನಾಗಿ ಕೇಳಿಸುತ್ತಿತ್ತು. ಅಲ್ಲಿನ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಫಾಗ್ ಕೊಠಡಿಯಲ್ಲಿ ಹಾಸುವುದು, ಆರ್ಗನ್ನಿನ ಒಂದು ಕೊಳವೆಯನ್ನು ಊದಿಸಿ ನಿಲ್ಲಿಸುವುದು, ಸದ್ದು ಕಿವಿಗೆ ಕೇಳದಂತಾಗಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡುವುದು. ಇನ್ನಷ್ಟು ಮೆತ್ತೆ ತಂದು ಮತ್ತೆ ಅಳೆಯುವುದು. ಬೀದಿಯ ಟ್ರಾಮುಗಳ ಗಲಾಟೆ ಅಡಗಿದ ಮೇಲೆ ಕೆಲಸ ಶುರು. ಬೆಳಗಾಗುವ ಮುನ್ನ ಮೆತ್ತೆಗಳೆಲ್ಲ ಮರಳಿ ಸ್ವಸ್ಥಾನಕ್ಕೆ. ನಡುವೆ ಒಂದು ದಿನ ತಾನು ತೊಟ್ಟ ಬಟ್ಟೆಯೂ ಅಳತೆಯನ್ನು ಕೆಡಿಸುತ್ತಿದೆ ಎಂದು ಅವನಿಗೆ ಹೊಳೆಯಿತು. ಆವರೆಗಿನ ಸಾವಿರಾರು ಅಳತೆಗಳನ್ನು ಪಕ್ಕಕ್ಕೆಸೆದು, ಮುಂದೆ ಪ್ರತಿ ರಾತ್ರಿ ಒಂದೇ ಜೊತೆ ಬಟ್ಟೆ ತೊಟ್ಟುಕೊಂಡು ಮೊದಲಿನಿಂದ ಆರಂಭಿಸಿದ. ನನಗೆ ಸೇಬಿನ್ ಇಷ್ಟವಾಗುವುದು ಅವನ ಸೂತ್ರಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೆ.

ಸೂತ್ರವೂ ಚಂದವೇ. ಸದ್ದು ನಿಂತ ಮೇಲೂ ಉಳಿಯುವ ಗುಂಯ್ಗುಡುವಿಕೆಗೆ ಅನುರಣನ ಎನ್ನುತ್ತಾರೆ. ಸದ್ದು ಅರವತ್ತು ಡೆಸಿಬೆಲ್‌ನಷ್ಟು ಇಳಿಯಲು, ಅಂದರೆ ಅದರ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಕುಗ್ಗಲು ಹಿಡಿಯುವ ಹೊತ್ತೇ ಅನುರಣನ ಕಾಲ. ಕೊಠಡಿಯ ಗಾತ್ರವನ್ನು ಘನ ಮೀಟರುಗಳಲ್ಲಿ ತೆಗೆದುಕೊಂಡು, 0.16ರಿಂದ ಗುಣಿಸಿ, ಕೊಠಡಿಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅದು ಸೆಕೆಂಡುಗಳಲ್ಲಿ ಸಿಗುತ್ತದೆ. ಹೀರಿಕೆಯನ್ನು ಅಳೆಯುವುದು ಯಾವುದರಿಂದ? ಸೇಬಿನ್ ಆರಿಸಿಕೊಂಡ ಮಾನ ತೆರೆದ ಕಿಟಕಿ. ಕಿಟಕಿಯಿಂದ ಆಚೆ ಹೋದ ಸದ್ದು ಮರಳಿ ಬರುವುದಿಲ್ಲ. ಅದಕ್ಕಿಂತ ಚೆನ್ನಾಗಿ ಸದ್ದು ನುಂಗುವ ವಸ್ತು ಇನ್ನಾವುದು? ಸಭಿಕರ ನಡುವೆ ಕುಳಿತ ಒಬ್ಬ ಕೇಳುಗ ಸುಮಾರು 0.44 ಚದರ ಮೀಟರ್ ತೆರೆದ ಕಿಟಕಿಗೆ ಸಮ ಎಂದು ಅವನ ಅಳತೆ ಹೇಳಿತು. ಹೆಚ್ಚುಕಡಿಮೆ ಅರ್ಧ ಚದರ ಮೀಟರು.

ಈಗ ನಮ್ಮ ಕಲ್ಯಾಣ ಮಂಟಪಕ್ಕೆ ಬರೋಣ. ಇಪ್ಪತ್ತು ಮೀಟರ್ ಉದ್ದ, ಹನ್ನೆರಡು ಮೀಟರ್ ಅಗಲ, ಆರು ಮೀಟರ್ ಎತ್ತರ ಎಂದುಕೊಳ್ಳಿ. ಒಳಗಿನ ಗಾಳಿ 1440 ಘನ ಮೀಟರ್. ನೆಲ, ಗೋಡೆ, ಸೂರು ಸೇರಿ 864 ಚದರ ಮೀಟರ್. ಗ್ರಾನೈಟು, ಗಾರೆ, ಗಾಜು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ನಾಲ್ಕು ಪಾಲು ಹೀರುತ್ತವೆಂದು ಉದಾರವಾಗಿ ಹಿಡಿದರೂ ಒಟ್ಟು ಹೀರಿಕೆ ಮೂವತ್ತೈದು ಚದರ ಮೀಟರ್ ಕಿಟಕಿಯಷ್ಟೇ. ಅನುರಣನ ಕಾಲ ಆರೂವರೆ ಸೆಕೆಂಡು! ಫಾಗ್ ಕೊಠಡಿಯನ್ನೂ ಮೀರಿಸಿದೆವು. ಮುನ್ನೂರು ಜನ ಬಂದು ಕೂತರೆ 132 ಚದರ ಮೀಟರ್ ಕಿಟಕಿ ತೆರೆದಂತಾಗಿ, ಅದೇ ಮಂಟಪದ ಅನುರಣನ ಸುಮಾರು 1.4 ಸೆಕೆಂಡಿಗೆ ಇಳಿಯುತ್ತದೆ. ವಿದ್ವಾಂಸರು ಕಾಫಿ ಕುಡಿಯುತ್ತ ಹೇಳಿದ್ದು ಇದನ್ನೇ. ಒಳ್ಳೆಯ ಸಭಾಂಗಣಗಳಲ್ಲಿ ಮೆತ್ತೆಯ ಕುರ್ಚಿ ಹಾಕುವುದು ಸೊಂಟದ ಸುಖಕ್ಕೆ ಮಾತ್ರವಲ್ಲ. ಖಾಲಿ ಕುರ್ಚಿಯೂ ಒಬ್ಬ ಮನುಷ್ಯನಷ್ಟೇ ಸದ್ದು ಹೀರಿದರೆ ಅಭ್ಯಾಸದ ಮಧ್ಯಾಹ್ನವೂ ಕಚೇರಿಯ ಸಂಜೆಯೂ ಒಂದೇ ಬಗೆಯಾಗಿ ಕೇಳಿಸುತ್ತವೆ. ಪ್ಲಾಸ್ಟಿಕ್ ಕುರ್ಚಿಗೆ ಈ ಗುಣವಿಲ್ಲ.

1900ರ ಅಕ್ಟೋಬರ್ 15ರಂದು ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್, ಸೇಬಿನ್‌ನ ಲೆಕ್ಕವನ್ನು ಮುಂದಿಟ್ಟುಕೊಂಡು ಕಟ್ಟಿದ ಮೊದಲ ಸಂಗೀತ ಸಭಾಂಗಣ. ಇಂದಿಗೂ ಅದು ಜಗತ್ತಿನ ಅತ್ಯುತ್ತಮ ಸಭಾಂಗಣಗಳ ಸಾಲಿನಲ್ಲಿದೆ. ಹಾಗಾದರೆ ಅನುರಣನ ಕಾಲವನ್ನು ಸರಿಯಾಗಿ ಹೊಂದಿಸಿಬಿಟ್ಟರೆ ಎಲ್ಲವೂ ಮುಗಿಯಿತೇ? ಹಾಗೆಂದೇ ಬಹಳ ಕಾಲ ನಂಬಿದ್ದರು. ಆದರೆ ಯಾವ ಸೂತ್ರವೂ ಇಲ್ಲದ ಕಾಲದಲ್ಲಿ, 1870ರಲ್ಲಿ, ಥಿಯೋಫಿಲ್ ಹಾನ್ಸೆನ್ ಎಂಬ ವಾಸ್ತುಶಿಲ್ಪಿ ಕಟ್ಟಿದ ವಿಯೆನ್ನಾದ ಮ್ಯೂಸಿಕ್‌ಫೆರೈನ್ ಬಾಸ್ಟನ್ನಿಗೂ ಮಿಗಿಲೆಂದು ವಾದಿಸುವವರಿದ್ದಾರೆ. ಎರಡೂ ಬೆಂಕಿಪೊಟ್ಟಣದ ಆಕಾರ: ಉದ್ದ ಹೆಚ್ಚು, ಅಗಲ ಕಡಿಮೆ, ಸೂರು ಎತ್ತರ. ವಿಯೆನ್ನಾದ ಸಭಾಂಗಣದ ಅಗಲ ಬರೀ 19 ಮೀಟರು.

ಗುಟ್ಟು ಆ ಕಿರಿದಾದ ಅಗಲದಲ್ಲಿದೆ. ವೇದಿಕೆಯಿಂದ ಇಪ್ಪತ್ತು ಮೀಟರ್ ದೂರದಲ್ಲಿ, ನಟ್ಟ ನಡುವೆ ನೀವು ಕುಳಿತಿದ್ದೀರಿ ಎನ್ನಿ. ಪಿಟೀಲಿನ ನಾದ ನೇರವಾಗಿ ನಿಮ್ಮನ್ನು ಮುಟ್ಟಿದ ಮೇಲೆ, ಪಕ್ಕದ ಗೋಡೆಗೆ ತಾಗಿ ಬರುವ ನಾದ ಸುಮಾರು 22 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಎತ್ತರದ ಸೂರಿಗೆ ಹೋಗಿ ಇಳಿಯುವ ನಾದಕ್ಕೆ 50 ಮಿಲಿಸೆಕೆಂಡಿನಷ್ಟು ತಡ. ಇಷ್ಟು ಬೇಗ ಹಿಂಬಾಲಿಸಿ ಬರುವ ಸದ್ದನ್ನು ನಮ್ಮ ಕಿವಿ ಪ್ರತಿಧ್ವನಿ ಎಂದು ಬೇರ್ಪಡಿಸುವುದಿಲ್ಲ. ಮೂಲದೊಂದಿಗೆ ಸೇರಿಸಿಕೊಂಡು ‘ನಾದ ತುಂಬಿಕೊಂಡಿದೆ’ ಎಂದು ಒಪ್ಪಿಕೊಳ್ಳುತ್ತದೆ. ಆದರೆ ಎಲ್ಲ ದಿಕ್ಕಿನಿಂದ ಬಂದದ್ದಕ್ಕೂ ಒಂದೇ ಮರ್ಯಾದೆ ಇಲ್ಲ. ನಮ್ಮ ಕಿವಿಗಳಿರುವುದು ತಲೆಯ ಎರಡು ಪಕ್ಕಗಳಲ್ಲಿ. ಮೇಲಿನಿಂದ ಬಿದ್ದ ಸದ್ದು ಎರಡೂ ಕಿವಿಗಳನ್ನು ಒಂದೇ ರೀತಿ ಮುಟ್ಟುತ್ತದೆ. ಪಕ್ಕದಿಂದ ಬಂದದ್ದು ಒಂದು ಕಿವಿಗೆ ಮೊದಲು, ತಲೆಯನ್ನು ಬಳಸಿಕೊಂಡು ಇನ್ನೊಂದಕ್ಕೆ ಆಮೇಲೆ, ತುಸು ಬೇರೆಯಾಗಿ. ಆ ಚಿಕ್ಕ ವ್ಯತ್ಯಾಸದಿಂದಲೇ ಮಿದುಳು ‘ನಾನು ಸಂಗೀತದ ಎದುರಿಗಿಲ್ಲ, ಒಳಗಿದ್ದೇನೆ’ ಎಂಬ ಅನುಭವವನ್ನು ಕಟ್ಟಿಕೊಳ್ಳುತ್ತದೆ. ಪಕ್ಕದ ಪ್ರತಿಫಲನದ ಈ ಮಹಿಮೆ ಹೆರಾಲ್ಡ್ ಮಾರ್ಷಲ್, ಮೈಕೆಲ್ ಬ್ಯಾರನ್ ಮೊದಲಾದವರ ಕೆಲಸದಿಂದ ಸ್ಪಷ್ಟವಾಗಿದ್ದು 1960ರ ದಶಕದ ಕೊನೆಯಿಂದೀಚೆಗೆ. ಹಾನ್ಸೆನ್ ಅಗಲವನ್ನು ಕಿರಿದಾಗಿಟ್ಟದ್ದು ಕಿವಿಗಳ ಲೆಕ್ಕ ಹಿಡಿದಂತೂ ಅಲ್ಲ. ಗೋಡೆಯ ಉದ್ದಕ್ಕೂ ಅವನು ನಿಲ್ಲಿಸಿದ ಚಿನ್ನದ ಬಣ್ಣದ ಹೆಣ್ಣುಮೂರ್ತಿಗಳು, ಸೂರಿನ ಕುಸುರಿ ಎಲ್ಲವೂ ಸದ್ದನ್ನು ಒಂದೇ ಕಡೆ ಎಸೆಯದೆ ಚೆದುರಿಸುತ್ತವೆ. ಅವು ಅಲಂಕಾರವೆಂದೇ ಹುಟ್ಟಿದವು.

ಇದನ್ನು ಅರಿಯುವ ಮೊದಲು ನ್ಯೂಯಾರ್ಕ್ ದೊಡ್ಡ ಬೆಲೆ ತೆತ್ತಿತು. ಧ್ವನಿತಜ್ಞ ಲಿಯೋ ಬೆರನೆಕ್ ಜಗತ್ತಿನ ಐವತ್ತಕ್ಕೂ ಹೆಚ್ಚು ಸಭಾಂಗಣಗಳನ್ನು ಅಧ್ಯಯನ ಮಾಡಿ ಬಂದು ಅಲ್ಲಿನ ಫಿಲ್ಹಾರ್ಮೋನಿಕ್ ಹಾಲ್‌ಗೆ ಸಲಹೆ ಕೊಟ್ಟಿದ್ದ. ಇನ್ನಷ್ಟು ಆಸನ ಬೇಕೆಂಬ ಒತ್ತಾಯ ಬಂದು, ನೆಟ್ಟಗಿರಬೇಕಿದ್ದ ಪಕ್ಕದ ಗೋಡೆಗಳು ಹೊಟ್ಟೆ ಬಿಟ್ಟುಕೊಂಡವು. 1962ರಲ್ಲಿ ಬಾಗಿಲು ತೆರೆದಾಗ ಮಂದ್ರ ಸ್ವರಗಳೇ ಕೇಳಿಸುತ್ತಿಲ್ಲವೆಂಬ ದೂರು. ವಾದಕರಿಗೆ ಪಕ್ಕದವರು ನುಡಿಸುವುದೂ ಸರಿಯಾಗಿ ಕೇಳುತ್ತಿರಲಿಲ್ಲ. ಕುರ್ಚಿಗಳ ಸಾಲಿನ ಮೇಲೆ ಸವರಿಕೊಂಡು ಹೋಗುವ ಸದ್ದಿನಲ್ಲಿ 150 ಹರ್ಟ್ಸ್, ಅಂದರೆ ಸೆಕೆಂಡಿಗೆ 150 ಕಂಪನದ ಆಸುಪಾಸಿನ ಮಂದ್ರ ನಾದ ದಾರಿಯಲ್ಲೇ ಸೊರಗುತ್ತದೆ ಎಂಬ ಸಂಗತಿ ಬೆಳಕಿಗೆ ಬಂದದ್ದು ಈ ರೋಗಿಯ ತಪಾಸಣೆಯಿಂದಲೇ. ಎಷ್ಟು ತೇಪೆ ಹಾಕಿದರೂ ಸಾಲದೆ 1976ರಲ್ಲಿ ಒಳಗನ್ನು ಪೂರ್ತಿ ಕಿತ್ತು ಹೊಸದಾಗಿ ಕಟ್ಟಿದರು. 2022ರಲ್ಲಿ ಮತ್ತೆ ಕಿತ್ತು ಕಟ್ಟಿ, ಐನೂರಕ್ಕೂ ಹೆಚ್ಚು ಆಸನಗಳನ್ನು ಕಡಿಮೆ ಮಾಡಿದರು. ಬೆರನೆಕ್ ಮಾತ್ರ ಸೋಲೊಪ್ಪಲಿಲ್ಲ. 1997ರಲ್ಲಿ ತೆರೆದ ಟೋಕಿಯೊದ ಒಪೆರಾ ಸಿಟಿ ಸಭಾಂಗಣಕ್ಕೆ ಅವನದೇ ಸಲಹೆ. ಅದನ್ನು ಕೇಳಿದವರೆಲ್ಲ ಹೊಗಳುತ್ತಾರೆ. ಆಗ ಅವನಿಗೆ ಎಂಬತ್ತು ದಾಟಿತ್ತು.

ವಿಜಯಪುರದ ಗೋಳಗುಮ್ಮಟಕ್ಕೆ ಹೋದವರು ‘ಧ್ವನಿಯ ಅದ್ಭುತ’ ಎಂದು ಬೆರಗಾಗಿ ಬರುತ್ತಾರೆ. ನಿಜಕ್ಕೂ ಅದ್ಭುತವೇ. ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟದ ಅಡಿಯ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳುತ್ತದೆ. ಒಂದು ಚಪ್ಪಾಳೆ ಮತ್ತೆ ಮತ್ತೆ ಮರುಕಳಿಸುತ್ತದೆ. ಸದ್ದು ಬಾಗಿದ ಗೋಡೆಯನ್ನು ತಬ್ಬಿಕೊಂಡೇ ಸಾಗುವ ಈ ಚೋದ್ಯವನ್ನು ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಪರೀಕ್ಷಿಸಿದರು. ಬಳಿಕ ಭಾರತದ ಇಂಥ ಕಟ್ಟಡಗಳತ್ತ, ಗೋಳಗುಮ್ಮಟದತ್ತಲೂ ಗಮನ ಹರಿಸಿದರು. ಆದರೆ ಅಲ್ಲಿ ಕುಳಿತು ಯಾರಾದರೂ ಕಲ್ಯಾಣಿ ರಾಗವನ್ನು ಹಾಡಿದರೆ ಏನಾದೀತು? ಗುಮ್ಮಟ ಸದ್ದನ್ನು ಒಟ್ಟುಗೂಡಿಸಿ ಒಂದೆಡೆ ಸುರಿಯುತ್ತದೆ, ಸಂಗೀತಕ್ಕೆ ಬೇಕಾದದ್ದು ಹಂಚುವ ಗೋಡೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ 1871ರಿಂದಲೂ ತನ್ನ ಗುಮ್ಮಟದ ಪ್ರತಿಧ್ವನಿಗೆ ಅಪಹಾಸ್ಯಕ್ಕೀಡಾಗಿ, 1969ರಲ್ಲಿ ಸೂರಿನಿಂದ ಅಣಬೆಯಂಥ ತಟ್ಟೆಗಳನ್ನು ತೂಗುಬಿಟ್ಟ ಮೇಲೆ ಒಂದಿಷ್ಟು ಸುಧಾರಿಸಿತು.

ಇಲ್ಲಿಗೆ ನನ್ನ ನಿಜವಾದ ತಕರಾರು ಬಂತು. ‘ಅತ್ಯುತ್ತಮ ಸಭಾಂಗಣ’ ಎಂದರೆ ಯಾವ ಸಂಗೀತಕ್ಕೆ? ವಿಯೆನ್ನಾದ, ಬಾಸ್ಟನ್ನಿನ ಸಭಾಂಗಣಗಳಿಗೆ ಜನ ತುಂಬಿದಾಗಲೂ ಎರಡು ಸೆಕೆಂಡಿನಷ್ಟು ಅನುರಣನವಿದೆ. ಎಂಬತ್ತು ತೊಂಬತ್ತು ವಾದ್ಯಗಳ ನಾದ ಕರಗಿ ಒಂದಾಗಲು ಅದು ಬೇಕು. ಅಲ್ಲಿ ನಮ್ಮ ತನಿ ಆವರ್ತನವನ್ನು, ಅಂದರೆ ಕಚೇರಿಯ ನಡುವೆ ತಾಳವಾದ್ಯದವರು ತಾವೇ ನುಡಿಸುವ ಭಾಗವನ್ನು, ಇಟ್ಟು ನೋಡಿ. ದ್ರುತಗತಿಯಲ್ಲಿ ಮೃದಂಗದವರು ಸೆಕೆಂಡಿಗೆ ಎಂಟು ಸೊಲ್ಲು, ಅಂದರೆ ಎಂಟು ಪೆಟ್ಟು, ನುಡಿಸುತ್ತಾರೆ ಎನ್ನೋಣ. ಎರಡು ಸೆಕೆಂಡಿನ ಅನುರಣನದಲ್ಲಿ, ಒಂದು ಸೊಲ್ಲು ಬಿದ್ದು ಇನ್ನೊಂದು ಬರುವಷ್ಟರಲ್ಲಿ ಮೊದಲನೆಯದರ ಗುಂಯ್ಗುಡುವಿಕೆ ನಾಲ್ಕು ಡೆಸಿಬೆಲ್‌ನಷ್ಟೂ ಇಳಿದಿರುವುದಿಲ್ಲ. ಒಂದು ಸೆಕೆಂಡಿನ ಅನುರಣನವಾದರೆ ಏಳೂವರೆ, ಅರ್ಧ ಸೆಕೆಂಡಿನದಾದರೆ ಹದಿನೈದು ಡೆಸಿಬೆಲ್ ಇಳಿದು ಸೊಲ್ಲುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಗಾಯಕರ ಬಿರ್ಕಾಗಳ, ಅಂದರೆ ವೇಗವಾಗಿ ಹೊರಳುವ ಸ್ವರಗುಚ್ಛಗಳ, ಪಾಡೂ ಇದೇ. ನಮ್ಮ ಸಂಗೀತ ಬೆಳೆದದ್ದು ಮನೆಯ ಪಡಸಾಲೆಯಲ್ಲಿ, ಭಜನೆ ಮಂದಿರದಲ್ಲಿ, ಮೂರು ಕಡೆ ತೆರೆದ ದೇವಸ್ಥಾನದ ಮಂಟಪದಲ್ಲಿ, ರಾಮನವಮಿಯ ಚಪ್ಪರದಲ್ಲಿ. ತೆರೆದ ಕಿಟಕಿ ಎಂಬ ಸೇಬಿನ್ ಮಾನವನ್ನು ಇಲ್ಲಿ ಹುಡುಕಬೇಕಿಲ್ಲ, ಗೋಡೆಯನ್ನು ಹುಡುಕಬೇಕು.

ಗೋಡೆ ಕೊಡದ ಆ ನಾದದ ಹಾಸನ್ನು ನಮ್ಮವರು ತಂಬೂರಿಯಿಂದ ಪಡೆದರೆಂದು ನನ್ನ ಊಹೆ. ತಂತಿಗಳನ್ನು ಹೊತ್ತ ‘ಕುದುರೆ’ ಎಂಬ ಪಟ್ಟಿಯ ಮೇಲೆ, ತಂತಿಯಡಿಯಲ್ಲಿ ಒಂದು ನೂಲಿನ ಎಳೆಯನ್ನು ಸರಿಯಾದ ಜಾಗಕ್ಕೆ ಸರಿಸಿದೊಡನೆ ತಂತಿ ತಣ್ಣಗೆ ಸಾಯುವುದನ್ನು ಬಿಟ್ಟು ಝೇಂಕರಿಸುತ್ತದೆ. ಒಂದು ಮೀಟು ಆರುವ ಮೊದಲೇ ಮುಂದಿನದು. ಗಾಯಕರು ಉಸಿರು ತೆಗೆದುಕೊಳ್ಳುವಾಗಲೂ ಮೌನ ಬರಿದಾಗುವುದಿಲ್ಲ. ಸಭಾಂಗಣದ ಅನುರಣನವಾದರೆ ಹಾಡಿದ್ದನ್ನೆಲ್ಲ, ಅಪಸ್ವರವನ್ನೂ ಸೇರಿಸಿ, ಹಿಡಿದಿಡುತ್ತದೆ. ತಂಬೂರಿ ಹಿಡಿದಿಡುವುದು ಷಡ್ಜ ಪಂಚಮಗಳನ್ನು ಮಾತ್ರ.

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯವರು ಚಪ್ಪರ ಹಾಕಿಸಿ ನಡೆಸುವ ರಾಮನವಮಿ ಕಚೇರಿಗಳು ನನಗೆ ಪ್ರಿಯ. 1939ರಲ್ಲಿ ಹುಟ್ಟಿದ ಸಂಸ್ಥೆ ಅದು. ಅನುರಣನದ ಹಂಗಿಲ್ಲದ, ಕೋಸಂಬರಿಯ ನೆನಪಿನ ಜಾಗ. ಆದರೆ ಯಾವುದೇ ದೊಡ್ಡ ಚಪ್ಪರದಲ್ಲಿ ಇನ್ನೊಂದು ತೊಡಕಿದೆ: ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಮಾತ್ರ ನಡೆಯುತ್ತದೆ. ವೇದಿಕೆಯಿಂದ ನಲವತ್ತು ಮೀಟರ್ ಹಿಂದೆ ಕುಳಿತು, ವಿದ್ವಾಂಸರ ಕೈ ನೋಡುತ್ತ ತಾಳ ಹಾಕುವವರಿಗೆ ಮೃದಂಗ ಹತ್ತಿರ ಹತ್ತಿರ ಒಂದು ಸೊಲ್ಲು ಹಿಂದೆ ಬಿದ್ದಿರುತ್ತದೆ. ಕಣ್ಣು ಮುಚ್ಚಿಕೊಂಡು ತಾಳ ಹಾಕುವುದೇ ವಾಸಿ.

ದೂರ ಹೆಚ್ಚಿದಂತೆ ಸದ್ದು ತಡವಾಗುವುದಷ್ಟೇ ಅಲ್ಲ, ಕುಗ್ಗುತ್ತದೆ ಕೂಡ. ಗೋಡೆಯ ನೆರವಿಲ್ಲದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಆರು ಡೆಸಿಬೆಲ್ ಇಳಿತ. ಮೈಕು ಬರುವ ಮೊದಲಿನ ಕಾಲದಲ್ಲಿ ಇದರಿಂದ ಹೆಚ್ಚು ನಲುಗಿದ್ದು ಪಕ್ಕವಾದ್ಯದ ಪಿಟೀಲು. ಕೊನೆಯ ಸಾಲಿಗೆ ತಮ್ಮ ನಾದ ತಲುಪುತ್ತಿಲ್ಲವೆಂದು ಕಂಡ ಮೈಸೂರಿನ ತಿರುಮಕೂಡಲು ಚೌಡಯ್ಯನವರು ಸಭಾಂಗಣವನ್ನು ದೂರಲಿಲ್ಲ. ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ, ಏಳು ತಂತಿಯ ಪಿಟೀಲು ಮಾಡಿಕೊಂಡರು. ಜೊತೆಯ ತಂತಿಗಳೂ ನುಡಿದು ನಾದಕ್ಕೆ ಮೈ ಬಂತು. ಅವರ ಹೆಸರಿನಲ್ಲಿ 1980ರಲ್ಲಿ ಬೆಂಗಳೂರಿನಲ್ಲಿ ಎದ್ದ ಚೌಡಯ್ಯ ಸ್ಮಾರಕ ಭವನಕ್ಕೆ ಪಿಟೀಲಿನದೇ ಆಕಾರ. ಹೊರಗೆ ತಂತಿ, ಬಿರಡೆ, ಕಮಾನು ಎಲ್ಲವೂ ಇವೆ. ಒಳಗೆ ವೇದಿಕೆಯ ಮೇಲೆ ಇಂದು ಪಿಟೀಲು ನುಡಿಸುವವರ ಕೈಯಲ್ಲಿರುವುದು ಹೆಚ್ಚಾಗಿ ನಾಲ್ಕೇ ತಂತಿ, ಅದರ ಮುಂದೊಂದು ಮೈಕು.